ತುಟಿಯಂಚಿನ ಗುಳ್ಳೆ: ತಪ್ಪು ಹಲ್ಲಿಯದ್ದಲ್ಲ



ತುಟಿಯ ಅಂಚಿನಲ್ಲಿ ಸಾಸಿವೆ ಕಾಳಿನಷ್ಟು ಸಣ್ಣ ನೀರುಗುಳ್ಳೆಗಳು ಗುಂಪಾಗಿ ಏಳುವುದನ್ನು ನೀವು ನೋಡಿರಬಹುದು. ನಿಮಗೇ ಆಗಿರಲೂಬಹುದು. ಮೊದಲ ದಿನ ಆ ಜಾಗ ಜುಮ್ಮೆನ್ನುತ್ತದೆ, ಚುರುಚುರು ಉರಿಯುತ್ತದೆ. ಮರುದಿನ ಗುಳ್ಳೆಗಳು ಕಾಣಿಸಿಕೊಳ್ಳುತ್ತವೆ. ಎರಡು ಮೂರು ದಿನಗಳಲ್ಲಿ ಅವು ಒಡೆದು ನೀರು ಜಿನುಗುತ್ತದೆ. ಆಮೇಲೆ ಹಳದಿ ಹಕ್ಕಳೆ ಕಟ್ಟುತ್ತದೆ. ವಾರ ಹತ್ತು ದಿನಗಳಲ್ಲಿ ಕಲೆಯೂ ಉಳಿಯದಂತೆ ಮಾಯುತ್ತದೆ. ಇಷ್ಟಕ್ಕೇ ಮುಗಿಯಿತೇ? ಇಲ್ಲ. ಕೆಲವು ತಿಂಗಳಾದ ಮೇಲೆ ಮತ್ತೆ ಅದೇ ಜಾಗದಲ್ಲಿ, ಅದೇ ರೀತಿ ಗುಳ್ಳೆ ಏಳುತ್ತದೆ!

ಇದನ್ನು ಜ್ವರದ ಗುಳ್ಳೆ, ತುಟಿ ಗುಳ್ಳೆ, ತುಟಿ ಬೊಕ್ಕೆ ಎಂದೆಲ್ಲ ಕರೆಯುತ್ತಾರೆ. ಇದು ಏಕೆ ಬರುತ್ತದೆ? ಒಮ್ಮೆ ವಾಸಿಯಾದದ್ದು ಮತ್ತೆ ಏಕೆ ಬರುತ್ತದೆ? ಇದು ಬಂದವರ ಹತ್ತಿರ ಕೂರಬಾರದೇ? ಬನ್ನಿ, ಒಂದೊಂದಾಗಿ ತಿಳಿಯೋಣ.

ಹಲ್ಲಿಯ ಮೇಲೆ ದೂರು

ದಾವಣಗೆರೆ, ಹರಿಹರದ ಕಡೆ ಯಾರ ತುಟಿಯಲ್ಲಾದರೂ ಗುಳ್ಳೆ ಕಂಡರೆ ಮನೆಯ ಹಿರಿಯರು ಏನು ಹೇಳುತ್ತಾರೆ? "ರಾತ್ರಿ ಮಲಗಿದಾಗ ಹಲ್ಲಿ ಉಚ್ಚಿ ಹೊಯ್ದೈತಿ" ಎನ್ನುವವರಿದ್ದಾರೆ. "ಜೇಡ ಹರಿದೈತಿ" ಎನ್ನುವವರೂ ಇದ್ದಾರೆ. ಜ್ವರ ಬಂದವರಿಗೆ ಗುಳ್ಳೆ ಎದ್ದರೆ "ಜ್ವರ ತುಟಿಗೆ ಬಂತು, ಇನ್ನ ಹೋತು ಬಿಡು" ಎಂದು ಸಮಾಧಾನ ಹೇಳುತ್ತಾರೆ.

ವಿಜ್ಞಾನ ಓದುವ ನೀವು ಯಾವ ಮಾತನ್ನೂ ಪರೀಕ್ಷಿಸದೆ ಒಪ್ಪಬಾರದು, ಪರೀಕ್ಷಿಸದೆ ತಳ್ಳಲೂಬಾರದು. ಹಲ್ಲಿಯ ಮಾತನ್ನೇ ಪರೀಕ್ಷಿಸೋಣ. ಮನೆಯ ಗೋಡೆಯ ಕೆಳಗೆ ಬಿದ್ದಿರುವ ಹಲ್ಲಿಯ ಹಿಕ್ಕೆಯನ್ನು ಗಮನಿಸಿ. ಕಪ್ಪು ಹಿಕ್ಕೆಯ ಒಂದು ತುದಿಯಲ್ಲಿ ಬಿಳಿಯ ಚುಕ್ಕೆ ಇರುತ್ತದೆ. ಆ ಬಿಳಿಯ ಭಾಗವೇ ಹಲ್ಲಿಯ ಮೂತ್ರ! ಹಲ್ಲಿ ನೀರನ್ನು ಉಳಿಸಿಕೊಳ್ಳುವ ಪ್ರಾಣಿ. ಅದು ನಮ್ಮಂತೆ ನೀರಾಗಿ ಮೂತ್ರ ಮಾಡುವುದಿಲ್ಲ, ಯೂರಿಕ್ ಆಮ್ಲವೆಂಬ ಬಿಳಿ ಪದಾರ್ಥವಾಗಿ ಹೊರಹಾಕುತ್ತದೆ. ಅದು ತುಟಿಯನ್ನು ಸುಡುವ ವಿಷವಲ್ಲ.

ಇನ್ನೊಂದು ಪ್ರಶ್ನೆ ಕೇಳಿಕೊಳ್ಳಿ. ಗುಳ್ಳೆ ಪ್ರತಿ ಸಲವೂ ಹೆಚ್ಚು ಕಡಿಮೆ ಅದೇ ಜಾಗದಲ್ಲಿ ಏಳುತ್ತದೆ. ಹಲ್ಲಿಯೋ ಜೇಡವೋ ವರ್ಷಕ್ಕೆರಡು ಸಲ ಬಂದು, ಒಬ್ಬರನ್ನೇ ಹುಡುಕಿ, ಅದೇ ತುಟಿಯ ಅದೇ ಮೂಲೆಗೆ ಗುರಿಯಿಡಲು ಸಾಧ್ಯವೇ? ಇಲ್ಲ. ಅಂದರೆ ಕಾರಣ ಹೊರಗಿನಿಂದ ರಾತ್ರಿ ಬರುವುದಲ್ಲ. ಅದು ದೇಹದ ಒಳಗೇ ಎಲ್ಲೋ ಕುಳಿತಿರಬೇಕು.

ಹಿರಿಯರ ಮಾತಿನಲ್ಲಿ ಸ್ವಲ್ಪ ಸತ್ಯವೂ ಉಂಟು. ಭತ್ತದ ಗದ್ದೆಗಳ ಬಳಿ ಕಿತ್ತಳೆ ಮತ್ತು ಕಪ್ಪು ಬಣ್ಣದ, ಇರುವೆಯಂತೆ ಕಾಣುವ ಪೇಡರಸ್ ಎಂಬ ಪುಟ್ಟ ದುಂಬಿ ಇರುತ್ತದೆ. ಮಳೆಗಾಲದಲ್ಲಿ ದೀಪದ ಬೆಳಕಿಗೆ ಮನೆಯೊಳಗೆ ಬರುತ್ತದೆ. ಅದನ್ನು ಮೈಮೇಲೆ ಉಜ್ಜಿದರೆ ಅದರ ರಸದಿಂದ ಚರ್ಮ ಸುಟ್ಟಂತಾಗಿ ಗುಳ್ಳೆ ಏಳುತ್ತದೆ. ಆದರೆ ಅದು ಗೀರು ಎಳೆದಂತೆ ಕಾಣುತ್ತದೆ. ಒಮ್ಮೆ ವಾಸಿಯಾದರೆ ತಾನಾಗಿ ಮರುಕಳಿಸುವುದಿಲ್ಲ. ತುಟಿಯ ಗುಳ್ಳೆಯ ಕಥೆಯೇ ಬೇರೆ.

ನಿಜವಾದ ಕಾರಣ

ತುಟಿ ಗುಳ್ಳೆಗೆ ಕಾರಣ ಒಂದು ವೈರಸ್. ಅದರ ಹೆಸರು ಹರ್ಪಿಸ್ ಸಿಂಪ್ಲೆಕ್ಸ್ ವೈರಸ್, ಒಂದನೇ ಬಗೆ. ವೈದ್ಯರು ಚಿಕ್ಕದಾಗಿ ಎಚ್.ಎಸ್.ವಿ.-1 ಎನ್ನುತ್ತಾರೆ. 'ಹರ್ಪಿಸ್' ಎಂಬುದು ಗ್ರೀಕ್ ಭಾಷೆಯಿಂದ ಬಂದ ಪದ. ತೆವಳು, ಹರಿದಾಡು ಎಂಬುದು ಅದರ ಮೂಲ ಅರ್ಥ. ಗುಳ್ಳೆಗಳು ಚರ್ಮದ ಮೇಲೆ ಹರಿದಂತೆ ಕಾಣುವುದರಿಂದ ಈ ಹೆಸರು.

ಈ ವೈರಸ್ ಎಷ್ಟು ಚಿಕ್ಕದು ಗೊತ್ತೇ? ನಿಮ್ಮ ಅಳತೆಪಟ್ಟಿಯಲ್ಲಿ ಒಂದು ಮಿಲಿಮೀಟರ್ ಎಷ್ಟಿದೆ ನೋಡಿ. ಅಷ್ಟು ಜಾಗದಲ್ಲಿ ಸುಮಾರು 5,000 ವೈರಸ್‌ಗಳನ್ನು ಸಾಲಾಗಿ ನಿಲ್ಲಿಸಬಹುದು! ಶಾಲೆಯ ಸಾಮಾನ್ಯ ಸೂಕ್ಷ್ಮದರ್ಶಕದಲ್ಲಿ ಇದು ಕಾಣುವುದಿಲ್ಲ. ಇಲೆಕ್ಟ್ರಾನ್ ಸೂಕ್ಷ್ಮದರ್ಶಕವೇ ಬೇಕು. ವೈರಸ್‌ನ ಒಳಗೆ ಅದರ ನಕಲುಗಳನ್ನು ಮಾಡಲು ಬೇಕಾದ ಸೂಚನೆಗಳಿರುವ ಡಿ.ಎನ್.ಎ. ಇರುತ್ತದೆ. ಅದರ ಸುತ್ತ ಪ್ರೋಟೀನಿನ ಚಿಪ್ಪು. ಎಲ್ಲಕ್ಕೂ ಹೊರಗೆ ಕೊಬ್ಬಿನ ತೆಳು ಹೊದಿಕೆ. ಈ ಕೊಬ್ಬಿನ ಹೊದಿಕೆಯನ್ನು ನೆನಪಿಟ್ಟುಕೊಳ್ಳಿ. ಮುಂದೆ ಬೇಕಾಗುತ್ತದೆ.

ಇದೇ ಕುಟುಂಬಕ್ಕೆ ಸೇರಿದ ಇನ್ನೊಂದು ವೈರಸ್ ಚಿಕನ್‌ಪಾಕ್ಸ್ ತರುತ್ತದೆ. ವರ್ಷಗಳ ಬಳಿಕ ಅದೇ ವೈರಸ್ ಎಚ್ಚರಗೊಂಡರೆ ಸರ್ಪಸುತ್ತು ಬರುತ್ತದೆ. ಸರ್ಪಸುತ್ತಿಗೂ ಸರ್ಪಕ್ಕೂ ಸಂಬಂಧವಿಲ್ಲ. ತುಟಿ ಗುಳ್ಳೆಗೂ ಹಲ್ಲಿಗೂ ಸಂಬಂಧವಿಲ್ಲ. ಎರಡೂ ಅಣ್ಣತಮ್ಮಂದಿರಂಥ ವೈರಸ್‌ಗಳ ಕೆಲಸ.

ದಾವಣಗೆರೆಯಲ್ಲಿ ನಿದ್ದೆ, ಹರಿಹರದಲ್ಲಿ ಗುಳ್ಳೆ!

ಬಹಳಷ್ಟು ಜನರಿಗೆ ಈ ವೈರಸ್ ತಗಲುವುದು ಚಿಕ್ಕಂದಿನಲ್ಲಿ. ಹೆಚ್ಚಿನ ಮಕ್ಕಳಲ್ಲಿ ಆಗ ಏನೂ ಕಾಣಿಸುವುದಿಲ್ಲ. ಕೆಲವು ಪುಟ್ಟ ಮಕ್ಕಳಿಗೆ ಮಾತ್ರ ಜ್ವರ ಬಂದು, ವಸಡು ಊದಿ, ಬಾಯಿ ತುಂಬ ಹುಣ್ಣಾಗುತ್ತದೆ. ನೋವಿನಿಂದ ಮಗು ನೀರನ್ನೂ ಕುಡಿಯಲು ಒಲ್ಲೆ ಎನ್ನುತ್ತದೆ. ಅಂಥ ಮಗುವನ್ನು ವೈದ್ಯರಿಗೆ ತೋರಿಸಲೇಬೇಕು. ಗುಟುಕು ಗುಟುಕಾಗಿ ನೀರು, ತಣ್ಣಗಿನ ಮಜ್ಜಿಗೆ, ಗಂಜಿ ಕುಡಿಸುತ್ತಿರಬೇಕು.

ಈ ಮೊದಲ ಸೋಂಕು ವಾಸಿಯಾದ ಮೇಲೆ ವೈರಸ್ ಸತ್ತುಹೋಗುವುದಿಲ್ಲ. ಅದು ಹತ್ತಿರದ ನರದೊಳಗೆ ಹೊಕ್ಕು ಮೇಲಕ್ಕೆ ಪಯಣಿಸುತ್ತದೆ. ನಮ್ಮ ಮುಖದ ಸ್ಪರ್ಶ, ನೋವು, ಬಿಸಿ, ತಂಪುಗಳನ್ನು ಮಿದುಳಿಗೆ ತಿಳಿಸುವುದು ಮೂರು ಕವಲಿನ ಒಂದು ನರ. ಅದರ ಹೆಸರು ಟ್ರೈಜೆಮಿನಲ್ ನರ. ಒಂದು ಕವಲು ಹಣೆ ಮತ್ತು ಕಣ್ಣಿಗೆ, ಇನ್ನೊಂದು ಕೆನ್ನೆ ಮತ್ತು ಮೇಲ್ದುಟಿಗೆ, ಮತ್ತೊಂದು ದವಡೆ ಮತ್ತು ಕೆಳದುಟಿಗೆ ಹೋಗುತ್ತದೆ. ಮೂರೂ ಕವಲುಗಳು ತಲೆಬುರುಡೆಯ ಒಳಗೆ, ಕಿವಿಯ ಮುಂಭಾಗಕ್ಕೆ ಸಮೀಪದಲ್ಲಿ ಒಂದು ಗಂಟಿನಲ್ಲಿ ಕೂಡುತ್ತವೆ. ಇಂಥ ನರದ ಗಂಟಿಗೆ ಗ್ಯಾಂಗ್ಲಿಯಾನ್ ಎಂದು ಹೆಸರು.

ಇದನ್ನು ಅರ್ಥ ಮಾಡಿಕೊಳ್ಳಲು ನಮ್ಮ ಊರಿನ ರೈಲು ಹಳಿಯನ್ನೇ ನೆನೆಯಿರಿ. ದಾವಣಗೆರೆಗೂ ಹರಿಹರಕ್ಕೂ ಸುಮಾರು 14 ಕಿ.ಮೀ. ದೂರ. ನಿಮ್ಮ ತುಟಿ ಹರಿಹರ ಎಂದಿಟ್ಟುಕೊಳ್ಳಿ. ನರದ ಗಂಟು ದಾವಣಗೆರೆ. ನಡುವಿನ ನರವೇ ರೈಲು ಹಳಿ. ಹರಿಹರದಲ್ಲಿ ಹತ್ತಿದ ವೈರಸ್ ದಾವಣಗೆರೆಗೆ ಬಂದು ಇಳಿಯುತ್ತದೆ. ಅಲ್ಲಿ ನರಕೋಶಗಳ ಒಳಗೆ ಹೊದ್ದು ಮಲಗುತ್ತದೆ. ತಿಂಗಳುಗಟ್ಟಲೆ, ವರ್ಷಗಟ್ಟಲೆ ನಿದ್ದೆ! ಮಲಗಿದಾಗ ಅದು ನಕಲುಗಳನ್ನು ಮಾಡುವುದಿಲ್ಲ. ಹೀಗಾಗಿ ದೇಹದ ಕಾವಲುಗಾರರಾದ ಬಿಳಿ ರಕ್ತಕಣಗಳು ಅದನ್ನು ನಿರ್ಮೂಲ ಮಾಡಲಾರವು.

ಒಂದು ದಿನ ಏನೋ ಕಾರಣದಿಂದ ಅದಕ್ಕೆ ಎಚ್ಚರವಾಗುತ್ತದೆ. ಹೊಸ ನಕಲುಗಳು ಹುಟ್ಟುತ್ತವೆ. ಅದೇ ಹಳಿ ಹಿಡಿದು ಅವು ಮತ್ತೆ ಹರಿಹರಕ್ಕೆ ಬರುತ್ತವೆ. ತುಟಿಯ ಚರ್ಮದಲ್ಲಿ ಗುಳ್ಳೆ ಏಳುತ್ತದೆ. ಹಳಿ ಬದಲಾಗದೆ ಇರುವುದರಿಂದ ಗುಳ್ಳೆಯ ಜಾಗವೂ ಸಾಮಾನ್ಯವಾಗಿ ಬದಲಾಗುವುದಿಲ್ಲ. ಹಲ್ಲಿ ಉತ್ತರಿಸಲಾಗದ ಪ್ರಶ್ನೆಗೆ ನರ ಉತ್ತರ ಕೊಟ್ಟಿತು, ಅಲ್ಲವೇ?

ಈ ಗುಟ್ಟು ಒಂದೇ ದಿನದಲ್ಲಿ ಬಯಲಾಗಲಿಲ್ಲ. ವೈರಸ್ ನರದ ಗಂಟಿನಲ್ಲಿ ಅಡಗಿರಬಹುದು ಎಂದು ಅಮೆರಿಕದ ವಿಜ್ಞಾನಿ ಅರ್ನೆಸ್ಟ್ ಗುಡ್‌ಪಾಶ್ಚರ್ 1929ರಲ್ಲಿ ಊಹಿಸಿದರು. ಸ್ಟೀವನ್ಸ್ ಮತ್ತು ಕುಕ್ ಎಂಬ ವಿಜ್ಞಾನಿಗಳು ಇಲಿಗಳ ನರಗಂಟಿನಲ್ಲಿ ಮಲಗಿದ್ದ ವೈರಸನ್ನು 1971ರಲ್ಲಿ ತೋರಿಸಿದರು. ಊಹೆಯಿಂದ ಸಾಕ್ಷ್ಯಕ್ಕೆ ಬರಲು ನಲವತ್ತಕ್ಕೂ ಹೆಚ್ಚು ವರ್ಷ ಬೇಕಾಯಿತು.

ಎಚ್ಚರಿಸುವವರು ಯಾರು?

ಮಲಗಿದ ವೈರಸನ್ನು ಎಬ್ಬಿಸುವ ಸಂಗತಿಗಳು ಹಲವು. ಜ್ವರ, ನೆಗಡಿ, ಸುಡುಬಿಸಿಲು, ದಣಿವು, ನಿದ್ದೆಗೇಡು, ಮನಸ್ಸಿನ ಒತ್ತಡ, ತುಟಿಗೆ ಆದ ಗಾಯ, ದೇಹದಲ್ಲಿ ಹಾರ್ಮೋನುಗಳ ಏರುಪೇರು ಇವು ಮುಖ್ಯವಾದವು. ಜ್ವರ ಮೈಯಿಂದ ಹೊರಟು ತುಟಿಗೆ ಬರುವುದಲ್ಲ. ಜ್ವರದ ಗದ್ದಲಕ್ಕೆ ವೈರಸ್‌ಗೆ ಎಚ್ಚರವಾಗುವುದು, ಅಷ್ಟೇ.

ನಮ್ಮ ಕಡೆಯ ಮಾರ್ಚ್, ಏಪ್ರಿಲ್ ತಿಂಗಳುಗಳನ್ನು ಯೋಚಿಸಿ. ದಾವಣಗೆರೆಯ ಬಿಸಿಲು ತಲೆ ಸುಡುತ್ತದೆ. ಹರಿಹರದಲ್ಲಿ ತುಂಗಭದ್ರೆಯ ಮರಳು ಕಾಲಿಗೆ ಕಾಯುತ್ತದೆ. ಅದೇ ಹೊತ್ತಿಗೆ ವಾರ್ಷಿಕ ಪರೀಕ್ಷೆ. ರಾತ್ರಿ ಓದು, ಬೆಳಿಗ್ಗೆ ಅಂಜಿಕೆ, ಮಧ್ಯಾಹ್ನ ಬಿಸಿಲಲ್ಲಿ ಆಟ. ವೈರಸನ್ನು ಎಬ್ಬಿಸುವ ಮೂರು ಕಾರಣಗಳು ಒಟ್ಟಿಗೆ ಬಂದವು! ಟೊಪ್ಪಿ, ಛತ್ರಿ ಅಥವಾ ತಲೆಗೊಂದು ಟವೆಲು, ಸಾಕಷ್ಟು ನೀರು, ಹೊತ್ತಿಗೆ ಸರಿಯಾಗಿ ನಿದ್ದೆ. ಇವು ಖರ್ಚಿಲ್ಲದ ಔಷಧಿಗಳು.

ಹೇಗೆ ಹರಡುತ್ತದೆ?

ಈ ವೈರಸ್ ಗಾಳಿಯಲ್ಲಿ ಹಾರಿ ಬರುವುದಿಲ್ಲ. ಸೊಳ್ಳೆಯಿಂದ ಬರುವುದಿಲ್ಲ. ನದಿಯಲ್ಲಿ ಮಿಂದರೆ ಬರುವುದಿಲ್ಲ. ಒಂದೇ ಬೆಂಚಿನಲ್ಲಿ ಕೂತರೆ, ಒಟ್ಟಿಗೆ ಆಡಿದರೆ, ಸಾಲಿನಲ್ಲಿ ಕೂತು ಬಿಸಿಯೂಟ ಮಾಡಿದರೆ ಬರುವುದಿಲ್ಲ. ಗುಳ್ಳೆಯ ನೀರು ಅಥವಾ ಜೊಲ್ಲು ಇನ್ನೊಬ್ಬರ ತುಟಿಗೆ, ಬಾಯಿಗೆ, ಕಣ್ಣಿಗೆ ಅಥವಾ ತರಚಿದ ಚರ್ಮಕ್ಕೆ ತಾಗಿದಾಗ ಹರಡುತ್ತದೆ. ಮುತ್ತು ಕೊಡುವುದರಿಂದ ಹರಡುವುದೇ ಹೆಚ್ಚು. ಜೊಲ್ಲು ಹಸಿಯಾಗಿ ಮೆತ್ತಿದ ಲೋಟ, ಚಮಚ, ಟವೆಲುಗಳಿಂದಲೂ ಹರಡಬಹುದು. ಗುಳ್ಳೆ ಒಡೆದು ನೀರು ಜಿನುಗುವಾಗ ಅಪಾಯ ಅತಿ ಹೆಚ್ಚು. ಗುಳ್ಳೆ ಇಲ್ಲದಿದ್ದಾಗಲೂ ಆಗೊಮ್ಮೆ ಈಗೊಮ್ಮೆ ಜೊಲ್ಲಿನಲ್ಲಿ ವೈರಸ್ ಇರಬಹುದು.

ಇಲ್ಲಿ ನಮ್ಮ ಹಳೆಯ ಅಭ್ಯಾಸವೊಂದು ನೆರವಿಗೆ ಬರುತ್ತದೆ. ಲೋಟ, ಚೊಂಬುಗಳನ್ನು ತುಟಿಗೆ ಮುಟ್ಟಿಸದೆ ಎತ್ತಿ ಕುಡಿಯುವುದನ್ನು ನಿಮ್ಮ ಮನೆಯಲ್ಲಿ ಕಲಿಸಿದ್ದಾರೆ ಅಲ್ಲವೇ? "ಎಂಜಲು ಮಾಡಬೇಡ" ಎಂದು ಅಜ್ಜಿ ಗದರುವುದು ಇದಕ್ಕೇ. ಶಾಲೆಯ ಕ್ಷೀರಭಾಗ್ಯದ ಹಾಲು ಕುಡಿಯುವಾಗ ಒಬ್ಬರು ಕುಡಿದ ಲೋಟವನ್ನು ತೊಳೆಯದೆ ಇನ್ನೊಬ್ಬರು ಬಳಸಬೇಡಿ. ಜಾತ್ರೆಯಲ್ಲಿ ಕಬ್ಬಿನ ಹಾಲಿನ ಲೋಟಗಳನ್ನು ಒಂದೇ ಬಕೆಟ್ಟಿನ ನೀರಿನಲ್ಲಿ ಅದ್ದಿ ತೆಗೆದರೆ ಅದು ತೊಳೆದಂತಲ್ಲ. ಪೆಪ್ಪರ್‌ಮೆಂಟನ್ನು ಅಂಗಿಯ ಚುಂಗಿನಲ್ಲಿ ಇಟ್ಟು ಕಚ್ಚಿ ಹಂಚಿಕೊಳ್ಳುವ ಕಾಗೆ ಎಂಜಲು, ಗುಬ್ಬಿ ಎಂಜಲು ನಿಮಗೆ ಗೊತ್ತಲ್ಲ? ತೆಳು ಬಟ್ಟೆ ಜೊಲ್ಲನ್ನು ಪೂರ್ತಿ ತಡೆಯುವುದಿಲ್ಲ. ಗುಳ್ಳೆ ಇದ್ದಾಗ ಗುಬ್ಬಿ ಎಂಜಲೂ ಬೇಡ.

ಆದರೆ ಒಂದು ಮಾತು. ಎಂಜಲನ್ನು ದೂರ ಇಡಬೇಕು, ಮನುಷ್ಯರನ್ನಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನ ಪ್ರಕಾರ ಜಗತ್ತಿನಲ್ಲಿ 50 ವರ್ಷದೊಳಗಿನ ಸುಮಾರು 380 ಕೋಟಿ ಜನರಲ್ಲಿ ಈ ವೈರಸ್ ಇದೆ. ಅಂದರೆ ಪ್ರತಿ 100 ಮಂದಿಯಲ್ಲಿ ಸುಮಾರು 64 ಮಂದಿಯಲ್ಲಿ! ಅವರಲ್ಲಿ ಬಹಳಷ್ಟು ಮಂದಿಗೆ ಗುಳ್ಳೆಯೇ ಏಳುವುದಿಲ್ಲ, ವೈರಸ್ ಇರುವುದು ಗೊತ್ತೂ ಇರುವುದಿಲ್ಲ. ಇವತ್ತು ಗೆಳತಿಯ ಗುಳ್ಳೆ ನೋಡಿ ನಗುವವರ ನರದಲ್ಲೂ ಅದೇ ವೈರಸ್ ಮಲಗಿರಬಹುದು.

ಕುಸ್ತಿ ಕಣದ ಪಾಠ

ದಾವಣಗೆರೆಯಲ್ಲಿ ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ ನಡೆಯುತ್ತದೆ. ಜಾತ್ರೆಯ ಬಯಲು ಕುಸ್ತಿ ನೋಡಲು ಸುತ್ತಲಿನ ಊರುಗಳಿಂದ ಜನ ಬರುತ್ತಾರೆ. ಕುಸ್ತಿಗೂ ತುಟಿ ಗುಳ್ಳೆಗೂ ಏನು ಸಂಬಂಧ ಎನ್ನುವಿರಾ? ಕುಸ್ತಿಯಲ್ಲಿ ಮುಖಕ್ಕೆ ಮುಖ, ಕತ್ತಿಗೆ ಕತ್ತು ಉಜ್ಜುತ್ತವೆ. ಚರ್ಮ ತರಚುತ್ತದೆ. ಒಬ್ಬ ಪೈಲ್ವಾನನ ಗುಳ್ಳೆಯ ವೈರಸ್ ಇನ್ನೊಬ್ಬನ ಚರ್ಮದೊಳಗೆ ಸುಲಭವಾಗಿ ಹೊಗುತ್ತದೆ.

1989ರ ಜುಲೈನಲ್ಲಿ ಅಮೆರಿಕದ ಮಿನೆಸೋಟದಲ್ಲಿ ಪ್ರೌಢಶಾಲಾ ಹುಡುಗರ ಕುಸ್ತಿ ಶಿಬಿರವೊಂದು ನಡೆಯಿತು. ಶಿಬಿರದಲ್ಲಿದ್ದ 175 ಮಂದಿಯಲ್ಲಿ 60 ಮಂದಿಗೆ ಮುಖ, ಕತ್ತು, ತೋಳುಗಳಲ್ಲಿ ಈ ವೈರಸ್‌ನ ಗುಳ್ಳೆಗಳೆದ್ದವು. ಮೂವರಲ್ಲಿ ಒಬ್ಬರಿಗಿಂತ ಹೆಚ್ಚು! ನೀವು ಗರಡಿ ಮನೆಗೆ ಹೋಗುವವರಾದರೆ ಈ ಲೆಕ್ಕ ನೆನಪಿಡಿ. ಗುಳ್ಳೆ ಪೂರ್ತಿ ಒಣಗುವವರೆಗೆ ಅಖಾಡಕ್ಕೆ ಇಳಿಯಬೇಡಿ. ನಿಮ್ಮ ಉಸ್ತಾದರಿಗೆ ಮೊದಲೇ ತಿಳಿಸಿ. ಮೈ ಒರೆಸುವ ಟವೆಲು ಬೇರೆ ಬೇರೆ ಇರಲಿ.

ಇಬ್ಬರ ಬಗ್ಗೆ ಬಹಳ ಎಚ್ಚರ

ತುಟಿಯಲ್ಲೇ ಉಳಿದರೆ ಇದು ಸಣ್ಣ ಕಾಯಿಲೆ. ಆದರೆ ಎರಡು ಕಡೆ ಇದು ದೊಡ್ಡ ಅಪಾಯ ತರಬಲ್ಲದು.

ಮೊದಲನೆಯದು, ಎಳೆ ಕೂಸು. ಹುಟ್ಟಿ ಕೆಲವೇ ವಾರಗಳಾದ ಕೂಸಿಗೆ ರೋಗವನ್ನು ತಡೆಯುವ ಶಕ್ತಿ ಇನ್ನೂ ಬಲಿತಿರುವುದಿಲ್ಲ. ಅದರ ದೇಹದಲ್ಲಿ ಈ ವೈರಸ್ ಮಿದುಳು, ಯಕೃತ್ತುಗಳಿಗೂ ಹರಡಬಹುದು, ಜೀವಕ್ಕೇ ಅಪಾಯವಾಗಬಹುದು. ನಿಮ್ಮ ಮನೆಯಲ್ಲಿ ಬಾಣಂತಿ ಇದ್ದಾರೆಯೇ? ತೊಟ್ಟಿಲು ಶಾಸ್ತ್ರಕ್ಕೆ ನೆಂಟರು ಬರುತ್ತಾರೆ. ಕೂಸನ್ನು ಎತ್ತಿ ಎಲ್ಲರೂ ಮುದ್ದಿಸುತ್ತಾರೆ. ತುಟಿಯಲ್ಲಿ ಗುಳ್ಳೆ ಇರುವವರು, ಅವರು ಅತ್ತೆಯೇ ಇರಲಿ, ಮಾವನೇ ಇರಲಿ, ಕೂಸಿಗೆ ಮುತ್ತು ಕೊಡಬಾರದು. ಇದನ್ನು ಹೇಳಲು ನಿಮಗೆ ಸಂಕೋಚವಾದರೆ ಅಮ್ಮನಿಗೋ ಅಜ್ಜಿಗೋ ಹೇಳಿ, ಅವರು ಹೇಳುತ್ತಾರೆ. ತಾಯಿಗೇ ತುಟಿ ಗುಳ್ಳೆ ಇದ್ದರೆ? ಹಾಲುಣಿಸುವುದನ್ನು ನಿಲ್ಲಿಸಬೇಕಿಲ್ಲ. ಕೈಯನ್ನು ಸೋಪಿನಿಂದ ತೊಳೆದುಕೊಂಡು, ಬಾಯಿಗೆ ಬಟ್ಟೆ ಕಟ್ಟಿಕೊಂಡು, ಮುತ್ತು ಕೊಡದೆ ಹಾಲುಣಿಸಬಹುದು. ಎದೆಯ ಮೇಲೆ ಗುಳ್ಳೆ ಎದ್ದಿದ್ದರೆ ಮಾತ್ರ ಕೂಡಲೇ ವೈದ್ಯರನ್ನು ಕೇಳಬೇಕು.

ಎರಡನೆಯದು, ಕಣ್ಣು. ಗುಳ್ಳೆ ಮುಟ್ಟಿದ ಬೆರಳಿನಿಂದಲೇ ಕಣ್ಣುಜ್ಜಿದರೆ ವೈರಸ್ ಕಣ್ಣಿಗೆ ತಲುಪಬಹುದು. ಕಣ್ಣಿನ ಪಾರದರ್ಶಕ ಪೊರೆಯಾದ ಕಾರ್ನಿಯಾದ ಮೇಲೆ ಹುಣ್ಣಾಗಿ ಕಲೆ ಉಳಿದರೆ ದೃಷ್ಟಿ ಮಂದವಾಗಬಹುದು, ಹೋಗಲೂಬಹುದು. ಕಣ್ಣು ಕೆಂಪಾಗಿ, ನೋವಾಗಿ, ಬೆಳಕು ನೋಡಲು ಕಷ್ಟವಾದರೆ ಅದೇ ದಿನ ಕಣ್ಣಿನ ವೈದ್ಯರ ಬಳಿ ಹೋಗಬೇಕು. ಮನೆಯಲ್ಲಿ ಉಳಿದಿರುವ ಹಳೆಯ ಡ್ರಾಪ್ಸ್ ಹಾಕಲೇಬೇಡಿ.

ಎಲ್ಲ ಗುಳ್ಳೆಯೂ ಇದಲ್ಲ

ಬಾಯಿಯ ಬಳಿ ಆಗುವ ಹುಣ್ಣುಗಳೆಲ್ಲ ಒಂದೇ ಅಲ್ಲ. ಕೆನ್ನೆಯ ಒಳಗೆ, ನಾಲಿಗೆಯ ಬದಿಯಲ್ಲಿ ಬಿಳಿ ಚುಕ್ಕೆಯಂತೆ ಆಗಿ ಖಾರ ತಿಂದರೆ ಉರಿಯುವುದು ಸಾಮಾನ್ಯ ಬಾಯಿಹುಣ್ಣು. ಅದು ಅಂಟುವುದಿಲ್ಲ. ಬಾಯಿಯ ಎರಡೂ ಮೂಲೆಗಳು ಸೀಳಿ ನೋಯುವುದು ಇನ್ನೊಂದು ಬಗೆ. ಬಿ-2 ಜೀವಸತ್ವ ಅಥವಾ ಕಬ್ಬಿಣದ ಕೊರತೆಯಿಂದ, ಕೆಲವೊಮ್ಮೆ ಶಿಲೀಂಧ್ರದಿಂದ ಹಾಗಾಗುತ್ತದೆ. ಹಾಲು, ಮೊಟ್ಟೆ, ಸೊಪ್ಪು, ಕಾಳುಗಳನ್ನು ತಿನ್ನುವುದು ಅದಕ್ಕೆ ಒಳ್ಳೆಯದು. ತುಟಿಯ ಹೊರ ಅಂಚಿನಲ್ಲಿ, ಮೊದಲು ಜುಮ್ಮೆಂದು, ಆಮೇಲೆ ಗುಂಪಾಗಿ ನೀರುಗುಳ್ಳೆ ಎದ್ದು, ಅದೇ ಜಾಗದಲ್ಲಿ ಮರುಕಳಿಸಿದರೆ ಅದು ಹರ್ಪಿಸ್ ಗುಳ್ಳೆ ಇರಬಹುದು. ಯಾವುದು ಎಂದು ಖಚಿತವಾಗಿ ಹೇಳುವ ಕೆಲಸ ವೈದ್ಯರದು.

ಚಿಕಿತ್ಸೆ ಏನು?

ಹೆಚ್ಚಿನವರಿಗೆ ಔಷಧಿಯೇ ಬೇಕಾಗುವುದಿಲ್ಲ. ಗುಳ್ಳೆ ತಾನಾಗಿ ಮಾಯುತ್ತದೆ. ನೀವು ಮಾಡಬೇಕಾದದ್ದು ಇಷ್ಟು: ಜಾಗವನ್ನು ಸ್ವಚ್ಛವಾಗಿಡಿ. ತಣ್ಣೀರಿನಲ್ಲಿ ಅದ್ದಿದ ಶುದ್ಧ ಬಟ್ಟೆಯನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿದರೆ ಉರಿ ಕಡಿಮೆಯಾಗುತ್ತದೆ. ಹಕ್ಕಳೆ ಒಡೆಯದಂತೆ ತೆಳುವಾಗಿ ವ್ಯಾಸಲೀನ್ ಸವರಬಹುದು. ಸವರಿದ ಮೇಲೆ ಕೈ ತೊಳೆಯಿರಿ. ಹಕ್ಕಳೆಯನ್ನು ಕೀಳಬೇಡಿ. ಕಿತ್ತರೆ ರಕ್ತ ಬರುತ್ತದೆ, ಬೇರೆ ರೋಗಾಣುಗಳು ಸೇರಿ ಕೀವಾಗುತ್ತದೆ. ಬೆಣ್ಣೆ ದೋಸೆಯ ಖಾರದ ಚಟ್ನಿ, ಮಂಡಕ್ಕಿಯ ಜೊತೆಗಿನ ಮೆಣಸಿನಕಾಯಿ ಬಜ್ಜಿ, ಹುಳಿ ಹಣ್ಣುಗಳು ಗುಳ್ಳೆಗೆ ತಾಗಿದರೆ ಉರಿಯುತ್ತವೆ. ಒಂದು ವಾರ ತಡೆದುಕೊಳ್ಳಿ!

ಸುಣ್ಣ, ಟೂತ್‌ಪೇಸ್ಟ್ ಹಚ್ಚಬೇಡಿ. ಸುಣ್ಣ ತುಟಿಯ ತೆಳು ಚರ್ಮವನ್ನು ಸುಡುತ್ತದೆ. ಔಷಧಿ ಅಂಗಡಿಯಲ್ಲಿ ಕೇಳಿ ತಂದ ಯಾವುದೋ ಮುಲಾಮನ್ನೂ ಹಚ್ಚಬೇಡಿ. ಅದರಲ್ಲಿ ಸ್ಟೀರಾಯ್ಡ್ ಇದ್ದರೆ ಸೋಂಕು ಹೆಚ್ಚಾಗಬಹುದು. ಆಂಟಿಬಯಾಟಿಕ್ ಮಾತ್ರೆಗಳು ಬ್ಯಾಕ್ಟೀರಿಯಾಗಳಿಗೆ, ವೈರಸ್‌ಗಳಿಗಲ್ಲ.

ಪದೇ ಪದೇ ಬರುವವರಿಗೆ, ತೀವ್ರವಾಗಿ ಬಂದವರಿಗೆ ವೈದ್ಯರು ಅಸೈಕ್ಲೋವಿರ್ ಎಂಬ ಔಷಧಿ ಕೊಡುತ್ತಾರೆ. ಜುಮ್ಮೆನ್ನುವ ಹಂತದಲ್ಲೇ ಶುರು ಮಾಡಿದರೆ ಇದರ ಪ್ರಯೋಜನ ಹೆಚ್ಚು. ಇದು ಕೆಲಸ ಮಾಡುವ ರೀತಿ ಬಹಳ ಚೆಂದ. ಮತ್ತೆ ರೈಲನ್ನೇ ನೆನೆಯೋಣ. ವೈರಸ್ ತನ್ನ ಡಿ.ಎನ್.ಎ.ಯನ್ನು ನಕಲು ಮಾಡುವುದೆಂದರೆ ಬೋಗಿಗೆ ಬೋಗಿ ಜೋಡಿಸಿ ಉದ್ದದ ರೈಲು ಕಟ್ಟಿದಂತೆ. ಅಸೈಕ್ಲೋವಿರ್ ನೋಡಲು ನಿಜವಾದ ಬೋಗಿಯಂತೆಯೇ ಇರುತ್ತದೆ. ಆದರೆ ಅದಕ್ಕೆ ಒಂದೇ ಕಡೆ ಕೊಂಡಿ! ವೈರಸ್ ಮೋಸಹೋಗಿ ಅದನ್ನು ಜೋಡಿಸಿಕೊಳ್ಳುತ್ತದೆ. ಅದರ ಹಿಂದೆ ಇನ್ನೊಂದು ಬೋಗಿ ಸೇರಿಸಲು ಆಗುವುದೇ ಇಲ್ಲ. ರೈಲು ಅರ್ಧಕ್ಕೇ ನಿಲ್ಲುತ್ತದೆ. ಈ ಔಷಧಿಯನ್ನು ಚುರುಕುಗೊಳಿಸುವ ಕಿಣ್ವ ಇರುವುದು ವೈರಸ್‌ನಲ್ಲಿ. ಆದ್ದರಿಂದ ವೈರಸ್ ಇಲ್ಲದ ಆರೋಗ್ಯವಂತ ಕೋಶಗಳಿಗೆ ತೊಂದರೆ ಬಹಳ ಕಡಿಮೆ.

ಹಾಗಾದರೆ ಔಷಧಿಯಿಂದ ವೈರಸ್ ಪೂರ್ತಿ ಹೋಗುವುದೇ? ಇಲ್ಲ. ಮಲಗಿರುವ ವೈರಸ್ ನಕಲು ಮಾಡುತ್ತಿರುವುದಿಲ್ಲ. ರೈಲೇ ಕಟ್ಟದವನನ್ನು ಸುಳ್ಳು ಬೋಗಿ ಕೊಟ್ಟು ಮೋಸ ಮಾಡುವುದು ಹೇಗೆ? ಇದಕ್ಕೆ ಲಸಿಕೆಯೂ ಇನ್ನೂ ಬಂದಿಲ್ಲ. ಮಲಗಿದ ವೈರಸನ್ನು ಹುಡುಕಿ ಅಳಿಸುವ ದಾರಿಯನ್ನು ವಿಜ್ಞಾನಿಗಳು ಹುಡುಕುತ್ತಲೇ ಇದ್ದಾರೆ. ನಾಳೆ ಆ ದಾರಿ ಕಾಣುವವರು ನೀವೇ ಆಗಬಹುದು.

ಹೆಣ್ಣೆಂದು ಕೆಲಸ ಕೊಡಲಿಲ್ಲ!

ಅಸೈಕ್ಲೋವಿರ್ ಹುಟ್ಟಿದ ತಂಡವನ್ನು ಮುನ್ನಡೆಸಿದವರಲ್ಲಿ ಒಬ್ಬರು ಗರ್ಟ್ರೂಡ್ ಎಲಿಯನ್. ಅವರು 1918ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದರು. 15 ವರ್ಷದವರಿದ್ದಾಗ ಪ್ರೀತಿಯ ತಾತ ಕ್ಯಾನ್ಸರಿನಿಂದ ತೀರಿಕೊಂಡರು. ರೋಗಗಳಿಗೆ ಔಷಧಿ ಹುಡುಕಬೇಕೆಂದು ಆಗಲೇ ನಿಶ್ಚಯಿಸಿದರು. 1937ರಲ್ಲಿ ರಸಾಯನ ವಿಜ್ಞಾನದಲ್ಲಿ ಪದವಿ ಪಡೆದರೂ ಪ್ರಯೋಗಾಲಯಗಳಲ್ಲಿ ಹೆಣ್ಣುಮಕ್ಕಳಿಗೆ ಕೆಲಸ ಸಿಗುತ್ತಿರಲಿಲ್ಲ. ಪಾಠ ಹೇಳುತ್ತ, ಸಿಕ್ಕ ಕೆಲಸ ಮಾಡುತ್ತ ಕಾದರು. 1944ರಲ್ಲಿ ಬರೋಸ್ ವೆಲ್‌ಕಮ್ ಎಂಬ ಔಷಧಿ ಸಂಸ್ಥೆಯಲ್ಲಿ ಜಾರ್ಜ್ ಹಿಚಿಂಗ್ಸ್ ಅವರ ಜೊತೆ ಸಂಶೋಧನೆಗೆ ಸೇರಿದರು. ಅಸೈಕ್ಲೋವಿರ್ ರೂಪುಗೊಂಡದ್ದು 1970ರ ದಶಕದಲ್ಲಿ. ಹೊವರ್ಡ್ ಶೇಫರ್ ಮತ್ತಿತರ ಸಹೋದ್ಯೋಗಿಗಳ ದುಡಿಮೆಯೂ ಅದರಲ್ಲಿದೆ. ಎಲಿಯನ್, ಹಿಚಿಂಗ್ಸ್ ಮತ್ತು ಜೇಮ್ಸ್ ಬ್ಲ್ಯಾಕ್ ಅವರಿಗೆ 1988ರಲ್ಲಿ ವೈದ್ಯಕೀಯದ ನೊಬೆಲ್ ಪ್ರಶಸ್ತಿ ಬಂತು. ವೈರಸ್‌ಗೆ ಔಷಧಿ ಮಾಡಲಾಗದು ಎಂದು ಅನೇಕರು ಭಾವಿಸಿದ್ದ ಕಾಲದಲ್ಲಿ ಅವರು ಮಾಡಿ ತೋರಿಸಿದರು.

ವೈದ್ಯರ ಬಳಿ ಯಾವಾಗ ಹೋಗಬೇಕು?

ಗುಳ್ಳೆ ಕಣ್ಣಿನ ಹತ್ತಿರ ಬಂದರೆ, ಎರಡು ವಾರವಾದರೂ ಮಾಯದಿದ್ದರೆ, ಮೈಯ ಬೇರೆ ಕಡೆಗಳಿಗೆ ಹರಡಿದರೆ, ಪದೇ ಪದೇ ಬರುತ್ತಿದ್ದರೆ, ಇಸುಬು ಇರುವ ಮಗುವಿಗೆ ಬಂದರೆ, ಎಳೆಗೂಸಿನ ಮೈಮೇಲೆ ಯಾವುದೇ ಗುಳ್ಳೆ ಕಂಡರೆ ತಡಮಾಡಬೇಡಿ. ತೀವ್ರ ಜ್ವರದ ಜೊತೆ ಮಂಪರು, ಗೊಂದಲ, ಫಿಟ್ಸ್ ಕಾಣಿಸಿದರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ನಿಮ್ಮ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ, ಹರಿಹರದ ತಾಲ್ಲೂಕು ಆಸ್ಪತ್ರೆ, ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆಗಳಲ್ಲಿ ತೋರಿಸಬಹುದು. ದಾವಣಗೆರೆಯಲ್ಲಿ ದಂತ ವೈದ್ಯಕೀಯ ಕಾಲೇಜುಗಳೂ ಇವೆ. ಹಲ್ಲಷ್ಟೇ ಅಲ್ಲ, ಬಾಯಿಯ ಹುಣ್ಣು ಗುಳ್ಳೆಗಳನ್ನು ನೋಡುವ ವಿಭಾಗವೂ ಅಂಥ ಕಾಲೇಜುಗಳಲ್ಲಿ ಇರುತ್ತದೆ. ಹಲ್ಲು ತೋರಿಸಲು ಹೋಗುವ ದಿನ ತುಟಿಯಲ್ಲಿ ಗುಳ್ಳೆ ಇದ್ದರೆ ಮೊದಲೇ ಹೇಳಿ. ತುರ್ತಿಲ್ಲದ ಕೆಲಸವನ್ನು ಅವರು ಮುಂದೂಡುತ್ತಾರೆ.

ನೀವೇ ಮಾಡಿ ನೋಡಿ

ವೈರಸ್‌ನ ಕೊಬ್ಬಿನ ಹೊದಿಕೆಯನ್ನು ನೆನಪಿಟ್ಟುಕೊಂಡಿದ್ದೀರಾ? ಅಂಗೈಗೆ ಎರಡು ಹನಿ ಕೊಬ್ಬರಿ ಎಣ್ಣೆ, ಚಿಟಿಕೆ ಅರಿಶಿನ ಹಾಕಿ ಎರಡೂ ಕೈಗಳಿಗೆ ಉಜ್ಜಿಕೊಳ್ಳಿ. ಮೊದಲು ಬರೀ ನೀರಿನಲ್ಲಿ ತೊಳೆಯಿರಿ. ಜಿಡ್ಡು ಹೋಯಿತೇ? ಈಗ ಸೋಪು ಹಚ್ಚಿ 20 ಎಣಿಸುವವರೆಗೆ ಉಜ್ಜಿ ತೊಳೆಯಿರಿ. ವ್ಯತ್ಯಾಸ ನೋಡಿ. ಸೋಪು ಎಣ್ಣೆಯ ಜಿಡ್ಡನ್ನು ಒಡೆಯುತ್ತದೆ. ವೈರಸ್‌ನ ಕೊಬ್ಬಿನ ಹೊದಿಕೆಯನ್ನೂ ಹಾಗೆಯೇ ಒಡೆಯುತ್ತದೆ. ಹೊದಿಕೆ ಹೋದ ವೈರಸ್ ಸೋಂಕು ತರಲಾರದು. ಉಗುರಿನ ಸಂದಿಯಲ್ಲಿ ಹಳದಿ ಉಳಿದಿದ್ದರೆ ಅಲ್ಲಿ ನೀವು ಸರಿಯಾಗಿ ಉಜ್ಜಿಲ್ಲ ಎಂದರ್ಥ.

ಶಾಲೆಗೆ ಬರಬಹುದೇ?

ಖಂಡಿತ ಬರಬಹುದು. ಕೈ ಮುಟ್ಟಿಕೊಳ್ಳದೆ, ಲೋಟ ಬೇರೆ ಇಟ್ಟುಕೊಂಡರೆ ಸಾಕು. ಗುಳ್ಳೆ ಎದ್ದ ಗೆಳತಿಯೊಬ್ಬಳು ನಾಚಿಕೆಯಿಂದ ಸೆರಗೋ ವೇಲೋ ಬಾಯಿಗೆ ಅಡ್ಡ ಹಿಡಿದು ಕೂತಿದ್ದಾಳೆ ಎಂದಿಟ್ಟುಕೊಳ್ಳಿ. ನಾಲ್ಕು ಜನ ನಕ್ಕರೆ ನಾಳೆ ಅವಳು ಬರುವುದಿಲ್ಲ. ಒಂದು ವಾರದ ಪಾಠ ತಪ್ಪುತ್ತದೆ. ಗುಳ್ಳೆ ಹತ್ತು ದಿನದಲ್ಲಿ ಮಾಯುತ್ತದೆ. ನಗೆಯ ನೋವು ಅಷ್ಟು ಬೇಗ ಮಾಯುವುದಿಲ್ಲ. ಅವಳ ಪಕ್ಕ ಕೂತು ಟಿಪ್ಪಣಿ ಪುಸ್ತಕ ಕೊಡಿ. ಅದರಿಂದ ವೈರಸ್ ಬರುವುದಿಲ್ಲ.

ಯೋಚಿಸಿ ಉತ್ತರಿಸಿ

1. ತುಟಿ ಗುಳ್ಳೆ ಅದೇ ಜಾಗದಲ್ಲಿ ಮತ್ತೆ ಮತ್ತೆ ಏಳುವುದೇಕೆ?
2. ಅಸೈಕ್ಲೋವಿರ್ ಮಲಗಿದ ವೈರಸನ್ನು ಏಕೆ ಕೊಲ್ಲಲಾರದು?
3. ನಿಮ್ಮ ತರಗತಿಯಲ್ಲಿ 50 ಮಕ್ಕಳಿದ್ದು, ನೂರಕ್ಕೆ 64ರ ಲೆಕ್ಕ ಅಲ್ಲಿಗೂ ಹೊಂದುವುದಾದರೆ ಎಷ್ಟು ಮಕ್ಕಳಲ್ಲಿ ಈ ವೈರಸ್ ಇರಬಹುದು?
4. ತುಟಿ ಗುಳ್ಳೆಯ ಬಗ್ಗೆ ನಿಮ್ಮ ಓಣಿಯ ಹಿರಿಯರು ಏನು ಹೇಳುತ್ತಾರೆ? ಕೇಳಿ ಬರೆದುಕೊಳ್ಳಿ. ಯಾವುದು ಸರಿ, ಯಾವುದು ತಪ್ಪು, ಏಕೆ ಎಂದು ತರಗತಿಯಲ್ಲಿ ಚರ್ಚಿಸಿ. ಹಿರಿಯರಿಗೂ ವಿನಯದಿಂದ ತಿಳಿಸಿ.